ಚುಕ್ಕೆ ಬಿದ್ದ ಎಲೆಯ ಮದ್ದು

ಬೇರಿಗೆ ನೀರನ್ನೂ ಬಳ್ಳಿಗೆ ಆಸರೆಯನ್ನೂ ಕೊಟ್ಟ ಕರುಣಾಳುವಿಗೆ ಶರಣು.

“ನಾನೇ ಐದು ವರ್ಷ ಕುಡಿದು ಬಿಟ್ಟವನು, ಬುದ್ಧಿ. ಆ ಕಲೆ ಅಂಟದವರನ್ನು ಕಳಿಸಬಾರದೇ?”

ನಿರ್ವಾಣಪ್ಪನೆಂಬ ಶಿಷ್ಯ ಗುರುಗಳ ಮುಂದೆ ತಲೆ ತಗ್ಗಿಸಿ ನಿಂತು ಹೀಗೆ ಕೇಳಿದ. ಕುಡಿತಕ್ಕೆ ಬಿದ್ದ ಗಂಡಸರನ್ನು ಬಿಡಿಸಲು ಯಾರನ್ನಾದರೂ ಕಳಿಸಿಕೊಡಿ ಎಂದು ಪಕ್ಕದ ಹಳ್ಳಿಯ ಹೆಂಗಸರು ಮಠಕ್ಕೆ ಬಂದು ಬೇಡಿಕೊಂಡಿದ್ದರು. ಗುರುಗಳು ಅವನ ಹೆಸರು ಹೇಳಿದ್ದರು.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಪಂಡಿತನಿದ್ದ. ಬೆಳೆಗೆ ಬರುವ ಬೂಷ್ಟುರೋಗಕ್ಕೆ ಗಿಡಮೂಲಿಕೆಯಿಂದಲೇ ಮದ್ದು ಮಾಡಬೇಕೆಂಬುದು ಅವನ ಹಂಬಲ. ಆ ಊರಿನ ಒಬ್ಬ ರೈತನ ವೀಳ್ಯದೆಲೆ ತೋಟಕ್ಕೆ ಬೂಷ್ಟು ಬಿತ್ತು. ಎಲೆಯ ಮೇಲೆ ಕಂದು ಚುಕ್ಕೆ ಮೂಡಿ, ಎರಡೇ ದಿನಕ್ಕೆ ಎಲೆಯೆಲ್ಲ ಕೊಳೆಯುತ್ತಿತ್ತು. ಹುಣ್ಣಿಮೆಯೊಳಗೆ ರೋಗ ನಿಲ್ಲದಿದ್ದರೆ ಬಳ್ಳಿಯನ್ನೆಲ್ಲ ಅಗೆದು ಸುಡಬೇಕಾಗಿತ್ತು.

ತೋಟದ ಬೇಲಿಯಲ್ಲಿ ಒಂದು ಕಾಡುಬಳ್ಳಿ ಹಬ್ಬಿತ್ತು. ಅದೇ ಬೂಷ್ಟು ಅದಕ್ಕೂ ತಗುಲಿತ್ತು. ಆದರೆ ಚುಕ್ಕೆ ಉಗುರಗಲ ಬೆಳೆದು ಅಲ್ಲೇ ಒಣಗಿ ನಿಂತಿತ್ತು. ಪಂಡಿತ ಅದನ್ನು ಕಂಡು ಕೈಮುಗಿದ. ಶಿವನೇ ದಾರಿ ತೋರಿಸಿದ ಅಂದುಕೊಂಡ. ಮಿಂದು ಮಡಿಯುಟ್ಟು ಬಂದು, ಪೂಜೆಗೆ ಬಿಲ್ವಪತ್ರೆ ಆರಿಸುವಂತೆ ಆ ಬಳ್ಳಿಯ ಎಲೆ ಆರಿಸಿದ. ತೂತಿಲ್ಲದ, ಹರಿಯದ, ಒಂದು ಕಲೆಯೂ ಇಲ್ಲದ ಎಲೆ ಮಾತ್ರ ಬುಟ್ಟಿಗೆ ಬಿತ್ತು. ಅರೆದು, ಸೋಸಿ, ಒಂದು ಸಾಲಿಗೆ ಸಿಂಪಡಿಸಿದ. ಹೋಲಿಸಿ ನೋಡಲೆಂದು ಪಕ್ಕದ ಸಾಲನ್ನು ಹಾಗೇ ಬಿಟ್ಟ. ಎರಡು ಸಾಲೂ ಒಂದೇ ಸಮ ಕೊಳೆತವು. ರಸವನ್ನು ಗಟ್ಟಿ ಮಾಡಿ ನೋಡಿದ, ಕುದಿಸಿ ನೋಡಿದ. ಏನೂ ಆಗಲಿಲ್ಲ.

“ಪಂಡಿತರೇ, ನಿಮ್ಮ ಕಷಾಯ ಕುಡಿದು ಬೂಷ್ಟಿಗೆ ಮೈ ಬಂದಿದೆ” ಎಂದ ರೈತ. ನಗುತ್ತಲೇ ಹೇಳಿದರೂ ಅವನ ಕಣ್ಣು ತುಂಬಿತ್ತು. ಹುಣ್ಣಿಮೆಗೆ ಆರು ದಿನ ಉಳಿದಿತ್ತು.

ಮರುದಿನ ಪಂಡಿತ ಮತ್ತೆ ಬೇಲಿಯ ಬಳಿ ಎಲೆ ಆರಿಸುತ್ತ ಕೂತ. ತೋಟದಲ್ಲಿ ಎಲೆ ಕಟ್ಟುವ ಮುದುಕಿಯೊಬ್ಬಳು ಅವನ ಹಿಂದೆ ಬಂದು ನಿಂತಳು. ಒಳ್ಳೆಯ ಎಲೆ ಬೇರೆ, ಕೆಟ್ಟ ಎಲೆ ಬೇರೆ ಮಾಡುವುದರಲ್ಲೇ ಆಯುಷ್ಯ ಕಳೆದವಳು ಅವಳು. ಅವನು ಎಸೆದ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

“ಏನಪ್ಪಾ, ರೋಗದ ಜೊತೆ ಬಡಿದಾಡಿ ಗೆದ್ದ ಎಲೆಯನ್ನು ಎಸೆದು, ಅದರ ಮುಖವನ್ನೇ ಕಾಣದ ಎಲೆಯನ್ನು ಅರೆಯುತ್ತಿದ್ದೀಯಲ್ಲ?”

ಪಂಡಿತನಿಗೆ ನಾಚಿಕೆಯಾಯಿತು. ಬುಟ್ಟಿಯನ್ನು ಬೋರಲು ಹಾಕಿ, ಚುಕ್ಕೆ ಬಿದ್ದ ಎಲೆಗಳನ್ನೇ ಬಾಚಿ ತುಂಬಿ, ಅರೆದು ಇನ್ನೊಂದು ಸಾಲಿಗೆ ಸಿಂಪಡಿಸಿದ. ಮೂರನೆಯ ದಿನ ಆ ಸಾಲಿನಲ್ಲಿ ಚುಕ್ಕೆಗಳು ಬೆಳೆಯದೆ ಒಣಗಿದವು. ಸಿಂಪಡಿಸದೆ ಬಿಟ್ಟ ಸಾಲು ಕೊಳೆಯುತ್ತಲೇ ಇತ್ತು. ಬೂಷ್ಟು ಮುಟ್ಟಿದ ಮೇಲೆಯೇ ಆ ಬಳ್ಳಿ ತನ್ನೊಳಗೆ ಮದ್ದು ಹುಟ್ಟಿಸಿಕೊಳ್ಳುತ್ತದೆ ಎಂಬುದು ಅವನಿಗೆ ಆಗ ತಿಳಿಯಿತು. ಉಳಿದ ಸಾಲುಗಳಿಗೂ ಅದನ್ನೇ ಹೊಡೆದ. ಹುಣ್ಣಿಮೆಯ ದಿನ ರೈತ ಗುದ್ದಲಿ ಬಿಟ್ಟು, ಎಲೆ ಕೊಯ್ಯುವ ಏಣಿ ಹೊತ್ತು ತೋಟಕ್ಕೆ ಹೋದ.

ಗುರುಗಳು ಶಿಷ್ಯನ ಭುಜದ ಮೇಲೆ ಕೈಯಿಟ್ಟರು.

“ನಿರ್ವಾಣಪ್ಪ, ಆ ಹಳ್ಳಿಗೆ ಕಳಿಸಲು ನನ್ನ ಬುಟ್ಟಿಯಲ್ಲಿ ನಿನಗಿಂತ ಒಳ್ಳೆಯ ಎಲೆ ಇಲ್ಲ.”

ನಿರ್ವಾಣಪ್ಪ ಗುರುಗಳ ಪಾದ ಮುಟ್ಟಿ ಎದ್ದು, ಆ ಹಳ್ಳಿಯ ದಾರಿ ಹಿಡಿದ.

ಇದನ್ನು ಕೇಳಿದವರ ತೋಟ ಹಸಿರಾಗಿರಲಿ, ಅವರು ಉಂಡ ನೋವು ಇನ್ನೊಬ್ಬರಿಗೆ ಮದ್ದಾಗಲಿ, ಎಲ್ಲರಿಗೂ ಶುಭವಾಗಲಿ.