ಅರ್ಧ ವಾಕ್ಯಕ್ಕೆ ಎಷ್ಟು ಅಂಕ

ಹೊಳೆದಂಡೆಯಲ್ಲಿ ಒಂದು ಸಣ್ಣ ಮಠ. ಮಠದಲ್ಲಿ ಒಬ್ಬರು ತಾತ. ಆ ಸೀಮೆಯಲ್ಲಿ ಸ್ವಾಮಿಗಳನ್ನು ತಾತ ಎಂದೇ ಕರೆಯುತ್ತಾರೆ.

ಬೇರೆ ತಾತಂದಿರು ತಾಯಿತ ಕಟ್ಟುತ್ತಿದ್ದರು, ಮಳೆ ಯಾವಾಗ ಬರುತ್ತದೆಂದು ಹೇಳುತ್ತಿದ್ದರು. ಈ ತಾತ ಇಂಗ್ಲಿಷ್ ಕಲಿಸುತ್ತಿದ್ದರು. ಕಾವಿ ಉಡುವ ಮೊದಲು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಅದನ್ನೇ ಮಾಡಿದವರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತಾರೆ, ಕಾವಿ ಉಟ್ಟರೆ ಹೋದೀತೆ?

ಹೊಳೆ ದಾಟಲು ಬರುವ ಪರದೇಶದವರ ಜೊತೆ ನಾಲ್ಕು ಮಾತಾಡಬೇಕೆಂದು ಊರವರೇ ಬಂದು ಕೇಳಿದ್ದರು. ಹರಿಗೋಲು ಹಾಕುವವರು, ಚಹಾದಂಗಡಿಯವರು, ಹೂ ಮಾರುವವರು, ಎಲ್ಲ ಸೇರಿ ಹನ್ನೆರಡು ಜನ.

ತಾತನ ಶಿಷ್ಯೆ ನೀಲಗಂಗಾ. ಬಿ.ಎಡ್. ಮುಗಿಸಿ ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಅಂಗಳ ಗುಡಿಸಿದಳು, ಅಂಬಲಿ ಕಾಸಿದಳು, ತಾತ ಬರೆದ ಬೋರ್ಡನ್ನು ಒರೆಸಿದಳು. ಅವಳಿಗೆ ಇದ್ದದ್ದು ಒಂದೇ ಆಸೆ. ಆ ಪಾಠ ತನ್ನ ಕೈಗೆ ಬರಬೇಕು.

ಒಂದು ದಿನ ಕೇಳಿಯೇಬಿಟ್ಟಳು.

"ತಾತ, ಇನ್ನ ಮುಂದ ಪಾಠ ನಾ ಮಾಡ್ಲೇನ್ರಿ?"

"ಪಾಠ ಯಾರು ಬೇಕಾದ್ರೂ ಮಾಡ್ತಾರ. ಪರೀಕ್ಷೆ ಮಾಡಾಕ ಬರ್ತೈತೇನು?"

"ಬರ್ತೈತ್ರಿ."

"ಹಂಗಾದ್ರ ಮಾಡು. ಚೊಲೊ ಆತಂದ್ರ ಪಾಠ ನಿಂದು."

ನೀಲಗಂಗಾ ಮೂರು ದಿನ ಕೂತು ಪ್ರಶ್ನೆಪತ್ರಿಕೆ ಬರೆದಳು. ಮೊದಲನೆಯ ಭಾಗ ಸಂಬಂಧಗಳ ಪದಗಳು. ಎರಡನೆಯದು ರಾಜಕೀಯದ ಪದಗಳು, ಯಾಕೆಂದರೆ ಆ ಊರಿನಲ್ಲಿ ರೊಟ್ಟಿಗಿಂತ ಅದೇ ಹೆಚ್ಚು ಖರ್ಚಾಗುತ್ತಿತ್ತು. ಮೂರನೆಯದು ಕ್ರಿಯಾಪದ. ನಿನ್ನೆ ಆದದ್ದು, ಇವತ್ತು ಆಗುತ್ತಿರುವುದು, ನಾಳೆ ಆಗುವುದು. ಒಟ್ಟು ಐವತ್ತು ಅಂಕ.

ತಾತ ಕನ್ನಡಕ ಏರಿಸಿಕೊಂಡು ಓದಿದರು.

"ದೊಡ್ಡಪ್ಪ, ಕಾಕಾ, ಸ್ವಾದರಮಾವ, ಎಲ್ಲಾರೂ ಅಂಕಲ್ ಏನು?"

"ಇಂಗ್ಲಿಷಿನ್ಯಾಗ ಅಷ್ಟ ರೀ."

"ಪಾಪ. ಮದುವಿ ಮನ್ಯಾಗ ಒಬ್ಬನ್ನ ಕೂಗಿದ್ರ ನಾಕು ಮಂದಿ ತಿರುಗಿ ನೋಡ್ತಿರಬೇಕು." ತಾತ ಹಾಳೆ ತಿರುಗಿಸಿದರು. "ಬೀಗರು ಅನ್ನೋದು ಕಾಣವಲ್ದು?"

"ಅದಕ್ಕ ಸರಿಯಾದ ಪದ ಇಲ್ರಿ. ಅದಕ್ಕ ಬಿಟ್ಟೀನಿ."

"ಹೂಂ," ಎಂದು ತಾತ ಹಾಳೆ ಮಡಚಿ ಕೊಟ್ಟರು.

ಬೀಗರ ಮಾತು ತಾತನ ಬಾಯಲ್ಲಿ ಸುಮ್ಮನೆ ಬಂದದ್ದಲ್ಲ. ಆ ಹನ್ನೆರಡು ಜನರಲ್ಲಿ ಇಬ್ಬರು ಬೀಗರಿದ್ದರು. ಹರಿಗೋಲಿನ ಮಾರೆಪ್ಪ, ಚಹಾದಂಗಡಿಯ ಯಂಕೋಬ. ಯಂಕೋಬನ ಮಗಳನ್ನು ಮಾರೆಪ್ಪನ ಮಗನಿಗೆ ಕೊಟ್ಟಿತ್ತು.

ಕಳೆದ ಪಂಚಾಯಿತಿ ಚುನಾವಣೆಯಲ್ಲಿ ಯಾರೋ ಪುಣ್ಯಾತ್ಮರು ಇಬ್ಬರಿಗೂ ಗಾಳಿ ಊದಿ ಒಂದೇ ವಾರ್ಡಿನಲ್ಲಿ ಎದುರಾಬದುರು ನಿಲ್ಲಿಸಿದರು. ಮಾರೆಪ್ಪ ಒಂಬತ್ತು ಮತಗಳಿಂದ ಸೋತ. ಸೋತ ಸಿಟ್ಟಿಗೆ ಊರದೇವತೆ ಅವ್ವನ ಗುಡಿಗೆ ಹೋಗಿ, ಯಂಕೋಬನ ಜೊತೆ ಮಾತಾಡಿದರೆ ನನ್ನ ನಾಲಿಗೆ ಬಿದ್ದುಹೋಗಲಿ ಎಂದು ಆಣೆ ಮಾಡಿದ. ಅದನ್ನು ಕೇಳಿ ಯಂಕೋಬನೂ ಮಾತು ಬಿಟ್ಟ. ಅಂದಿನಿಂದ ಪಾಠಕ್ಕೆ ಇಬ್ಬರೂ ತಪ್ಪದೆ ಬರುತ್ತಿದ್ದರು, ಒಬ್ಬ ಈ ಕಂಬಕ್ಕೆ, ಇನ್ನೊಬ್ಬ ಆ ಕಂಬಕ್ಕೆ ಒರಗಿ ಕೂರುತ್ತಿದ್ದರು.

ಇಷ್ಟರಲ್ಲಿ ಮಗಳು ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗು ಹುಟ್ಟಿತು. ಐದನೇ ತಿಂಗಳಿಗೆ ಗಂಡನ ಮನೆಯ ಹಿರಿಯರು ಬಂದು, ಬಾಯಿಬಿಟ್ಟು ಕೇಳಿ, ಬಾಣಂತಿಯನ್ನೂ ಮಗುವನ್ನೂ ಕರೆದೊಯ್ಯುವುದು ಅಲ್ಲಿಯ ಪದ್ಧತಿ. ಮಗುವಿಗೆ ಏಳು ತಿಂಗಳು ತುಂಬಿತ್ತು. ಕೇಳಬೇಕಾದ ಬಾಯಿ ಆಣೆ ಹಾಕಿಕೊಂಡು ಕೂತಿತ್ತು. ಕೇಳದೆ ಕಳಿಸಿದರೆ ಮಗಳ ಮರ್ಯಾದೆ ಏನಾದೀತೆಂದು ಯಂಕೋಬನೂ ಕಳಿಸಲಿಲ್ಲ.

ಮೂರೇ ಓಣಿ ಆಚೆಗಿದ್ದ ಮೊಮ್ಮಗಳ ಮುಖವನ್ನು ಮಾರೆಪ್ಪ ಇನ್ನೂ ನೋಡಿರಲಿಲ್ಲ.

ಭಾನುವಾರ ಮಧ್ಯಾಹ್ನ ಪರೀಕ್ಷೆ ನಡೆಯಿತು. ಹನ್ನೆರಡು ಜನರೂ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ಹೂವಿನ ಗಾಳೆಮ್ಮ ಪೆನ್ನಿಗೆ ಕುಂಕುಮ ಹಚ್ಚಿದ್ದಳು.

ಒಂದು ತಾಸಿಗೆ ಬರೆಯುವುದು ಮುಗಿಯಿತು. ನೀಲಗಂಗಾ ಅಲ್ಲೇ ಕೂತು ಕೆಂಪು ಪೆನ್ನಿನಲ್ಲಿ ತಿದ್ದತೊಡಗಿದಳು. ತಾತ ಪಕ್ಕದಲ್ಲಿ ಕೂತು ಇಣುಕಿದರು.

"ಇದ್ಯಾಕ ತಪ್ಪು?"

"ನೋಡ್ರಿ ತಾತ. ಎದುರಾಳಿ ಅನ್ನೋ ಪದದ ಅರ್ಥ ಬರೀರಿ ಅಂದ್ರ ಮಾರೆಪ್ಪಣ್ಣ 'ಯಂಕೋಬ' ಅಂತ ಬರದಾನ. ಬಹುಮತ ಅಂದ್ರೇನು ಅಂದ್ರ, ಒಂಬತ್ತು ಅಂತ ಬರದಾನ."

"ಪಾಪ, ಅವನಿಗೆ ಗೊತ್ತಿರೋ ಅರ್ಥ ಅವನು ಬರದಾನ. ಮತ್ತ ಇದು?"

ಅದು ಯಂಕೋಬನ ಹಾಳೆ. ನಿಮ್ಮ ಸಂಬಂಧಿಕರ ಬಗ್ಗೆ ಒಂದು ವಾಕ್ಯ ಬರೆಯಿರಿ ಎಂಬ ಪ್ರಶ್ನೆಗೆ ಯಂಕೋಬ ದುಂಡಗೆ ಬರೆದಿದ್ದ: 'ಮಾರೆಪ್ಪ ಈಸ್ ಮೈ'. ಮುಂದೆ ಏನೂ ಇರಲಿಲ್ಲ. ಒಂದು ಬೆರಳಿನಷ್ಟು ಜಾಗ ಖಾಲಿ ಬಿಟ್ಟು ಚುಕ್ಕಿ ಇಟ್ಟಿದ್ದ.

ನೀಲಗಂಗಾ ಅದಕ್ಕೆ ಸೊನ್ನೆ ಹಾಕಿದ್ದಳು.

"ಅರ್ಧ ವಾಕ್ಯಕ್ಕ ಎಷ್ಟು ಅಂಕ?" ತಾತ ಕೇಳಿದರು.

"ಅರ್ಧ ವಾಕ್ಯ ವಾಕ್ಯನ ಅಲ್ರಿ. ಅಂಕ ಇಲ್ಲ."

"ಖರೆ," ಎಂದರು ತಾತ. ಆಮೇಲೆ ದೊಡ್ಡ ದನಿಯಲ್ಲಿ, "ಬರವಣಿಗಿ ಆತು. ಬಾಯಿ ಪರೀಕ್ಷೆ ಐತಿ, ಯಾರೂ ಏಳಬ್ಯಾಡ್ರಿ. ಇಬ್ಬಿಬ್ಬರು ಎದುರಾ ಎದುರು ಕುಂದ್ರಿರಿ. ನಿನ್ನಿದೊಂದು, ಇವತ್ತಿಂದೊಂದು, ನಾಳಿದೊಂದು ಮಾತು ಇಂಗ್ಲಿಷಿನ್ಯಾಗ ಕೇಳ್ರಿ, ಹೇಳ್ರಿ. ಅಂಕ ಟೀಚರಮ್ಮ ಹಾಕ್ತಾಳ. ಜೋಡಿ ನಾ ಹಾಕ್ತೀನಿ."

ಜೋಡಿ ಹಾಕುತ್ತ ಹಾಕುತ್ತ ಕೊನೆಗೆ ಎರಡು ಕಂಬಗಳಷ್ಟೇ ಉಳಿದವು.

ಮಾರೆಪ್ಪ ಎದ್ದು ನಿಂತ. "ನಾ ಒಲ್ಲೆ ತಾತ. ಅವ್ವನ ಗುಡ್ಯಾಗ ಆಣಿ ಮಾಡೀನಿ. ಊರಿಗೆಲ್ಲಾ ಗೊತ್ತೈತಿ."

"ಆಣಿ ಯಾವ ಭಾಷಿಯೊಳಗ ಮಾಡಿದಿ?"

"ಕನ್ನಡದಾಗ್ರಿ. ನನಗ ಮತ್ಯಾವುದು ಬರ್ತಿತ್ತು?"

"ಅವ್ವಗ ಇಂಗ್ಲಿಷ್ ಬರ್ತೈತೇನು?"

ಮಾರೆಪ್ಪ ಯೋಚನೆ ಮಾಡಿದ. ನಿಜಕ್ಕೂ ಯೋಚನೆ ಮಾಡಿದ.

"ಬರಂಗಿಲ್ಲ ಅನಸ್ತೈತ್ರಿ," ಎಂದ. "ಅಕಿ ನಮ್ಮ ಕಡ್ಯಾಕಿ."

"ಹಂಗಾದ್ರ ಕುಂದ್ರು."

ಮಾರೆಪ್ಪ ಕೂತ. ಯಂಕೋಬ ಬಂದು ಎದುರಿಗೆ ಕೂತ. ಇಬ್ಬರ ನಡುವೆ ಎರಡು ಮೊಳ ನೆಲ. ಇಬ್ಬರೂ ಆ ನೆಲವನ್ನೇ ನೋಡಿದರು.

ಉಳಿದ ಐದು ಜೋಡಿಗಳ ಪರೀಕ್ಷೆ ಗದ್ದಲದಲ್ಲಿ ಮುಗಿಯಿತು. ನೀಲಗಂಗಾ ಪ್ರತಿ ಜೋಡಿಯ ಪಕ್ಕ ನಿಂತು ತಪ್ಪು ಹಿಡಿದಳು, ಅಂಕ ಕಳೆದಳು. ಅವಳಿಗೆ ತಪ್ಪು ಕೇಳಿಸಿದರೆ ಕಿವಿಗೆ ಇರುವೆ ಹೊಕ್ಕಂತಾಗುತ್ತಿತ್ತು, ಪಾಪ, ಸುಮ್ಮನಿರಲು ಬರುತ್ತಿರಲಿಲ್ಲ.

ಕೊನೆಗೆ ಬೀಗರ ಬಳಿ ಬಂದಳು. ಎಲ್ಲರೂ ತಿರುಗಿ ಕೂತರು.

ಮಾರೆಪ್ಪ ಗಂಟಲು ಸರಿಮಾಡಿಕೊಂಡ.

"ಬೇಬಿ," ಎಂದ. ತುಸು ಹೊತ್ತು ಬಿಟ್ಟು, "ಹೌ?"

ಯಂಕೋಬ ತಲೆ ಎತ್ತಿದ. "ಬೇಬಿ ಈಸ್ ಗುಡ್. ಬೇಬಿ ಈಸ್ ಲಾಫಿಂಗ್."

"ಫೇಸ್... ಹೂ... ಹೂ ಫೇಸ್?"

"ಯುವರ್ ಫೇಸ್." ಯಂಕೋಬ ಸೇರಿಸಿದ, "ಯುವರ್ ನೋಸ್ ಆಲ್ಸೋ."

ಮಾರೆಪ್ಪನ ಮೂಗು ಆ ಊರಿನಲ್ಲೇ ದೊಡ್ಡದು. ಹೆಣ್ಣು ಮಗುವಿಗೆ ಅದು ಬಂದಿದೆಯೆಂದರೆ ತಾಯಿಯಾದವಳು ಚಿಂತೆ ಮಾಡಬೇಕಾದ ಸಂಗತಿ. ಮಾರೆಪ್ಪ ಮಾತ್ರ ಅದನ್ನು ಕೇಳಿ ಹಿಗ್ಗಿ, ಮೂಗು ಮುಟ್ಟಿ ನೋಡಿಕೊಂಡ.

ಯಂಕೋಬನಿಗೂ ಉಮೇದು ಬಂತು. ಕೇಳದಿದ್ದರೂ ಎರಡು ಬೆರಳೆತ್ತಿ ತೋರಿಸಿ ಹೇಳಿದ. "ಎಸ್ಟರ್‌ಡೇ ಟೂ ಟೀತ್ ಕಮ್!"

"ಕಮ್ ಅಲ್ಲ ಯಂಕೋಬಣ್ಣ," ಎಂದಳು ನೀಲಗಂಗಾ. "ನಿನ್ನೆ ಅಂದಮ್ಯಾಲೆ ಕೇಮ್. ಅರ್ಧ ಅಂಕ ಹೋತು ನೋಡ್ರಿ."

ಯಂಕೋಬನ ಬೆರಳು ಮಡಚಿಕೊಂಡವು.

ಮಾರೆಪ್ಪ ಮುಂದಿನ ಮಾತಿಗೆ ಬಾಯಿ ತೆರೆದಿದ್ದ. ಅದೂ ಮುಚ್ಚಿತು. ಇಬ್ಬರೂ ಮತ್ತೆ ನೆಲ ನೋಡಿದರು. ಇದು ಪರೀಕ್ಷೆ ಎಂಬುದು ಇಬ್ಬರಿಗೂ ನೆನಪಾಗಿತ್ತು. ಪರೀಕ್ಷೆ ಅಂದಕೂಡಲೇ ಊರು, ವಾರ್ಡು, ಒಂಬತ್ತು ಮತ ಎಲ್ಲ ನೆನಪಾಗಿರಬೇಕು.

ಮಾರೆಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ಏಳುವವನಂತೆ ನೆಲಕ್ಕೆ ಕೈಯೂರಿದ.

ಆಗ ನೀಲಗಂಗಾಳಿಗೆ ತಾನು ಮಾಡಿದ್ದು ಏನೆಂದು ಅರಿವಾಯಿತು. ಏಳು ತಿಂಗಳಿಂದ ಕಾದಿದ್ದ ಮಾತು ಇನ್ನೇನು ಹೊರಬರುವಾಗ, ಅರ್ಧ ಅಂಕ ಹಿಡಿದುಕೊಂಡು ಬಾಗಿಲಿಗೆ ಅಡ್ಡ ನಿಂತವಳು ತಾನೇ.

ಅವಳು ತಾತನ ಕಡೆ ನೋಡಿದಳು. ತಾತ ಕಣ್ಣು ಮುಚ್ಚಿ ಕೂತಿದ್ದರು. ಅದು ಧ್ಯಾನವೋ ನಿದ್ದೆಯೋ ಆ ಮಠದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕ್ಷಮಿಸಿ ಎಂದು ಕನ್ನಡದಲ್ಲಿ ಹೇಳಬಹುದಿತ್ತು. ಆದರೆ ಟೀಚರಮ್ಮ ಕ್ಷಮೆ ಕೇಳಿದರೆ ಆ ಇಬ್ಬರು ಇನ್ನಷ್ಟು ಮುದುಡಿಕೊಳ್ಳುವವರು. ಶಾಲೆಯಲ್ಲಿ, ಕಾಲೇಜಿನಲ್ಲಿ, ಯಾವ ಪರೀಕ್ಷೆಯಲ್ಲೂ ಒಂದು ಕ್ರಿಯಾಪದ ತಪ್ಪದ ಹುಡುಗಿ ಅವಳು. ಆ ಹೆಮ್ಮೆಯೊಂದನ್ನು ಬಿಟ್ಟು ಅವಳ ಹತ್ತಿರ ಆಸ್ತಿ ಅಂತ ಬೇರೇನೂ ಇರಲಿಲ್ಲ.

ಅವಳು ಇಬ್ಬರ ನಡುವಿನ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

"ಸಾರಿ. ಐ ಮೇಕೆಡ್ ಮಿಸ್ಟೇಕ್. ಪ್ಲೀಸ್ ಯು ಸ್ಪೀಕಿಂಗ್."

"ಮೇಡ್!" ಎಂದ ಮಾರೆಪ್ಪ.

"ಮೇಡ್!" ಎಂದ ಯಂಕೋಬ, ಅದೇ ಉಸಿರಿನಲ್ಲಿ.

"ಮೇಕೆಡ್ ಅಲ್ರೀ ಟೀಚರಮ್ಮ," ಎಂದು ಇಬ್ಬರೂ ಒಟ್ಟಿಗೇ ಶುರುಮಾಡಿ, ಒಟ್ಟಿಗೇ ನಿಂತು, ಒಬ್ಬರ ಮುಖ ಒಬ್ಬರು ನೋಡಿದರು.

ಮೊದಲು ನಕ್ಕವನು ಯಂಕೋಬ. ಆಮೇಲೆ ಮಾರೆಪ್ಪನ ದೊಡ್ಡ ಮೂಗಿನಿಂದ ಗೊರ್ರನೆ ನಗೆ ಬಂತು. ಹೂವಿನ ಗಾಳೆಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನೀಲಗಂಗಾಳ ಕಿವಿ ಬಿಸಿಯಾಯಿತು. ಆದರೂ ಅವಳಿಗೆ ಅಷ್ಟು ಹಿತವಾದದ್ದು ಈಚೆಗೆ ಯಾವತ್ತೂ ಆಗಿರಲಿಲ್ಲ.

ಮಾರೆಪ್ಪ ಟವೆಲ್ಲನ್ನು ಕೆಳಗಿಟ್ಟ. ಮುಂದೆ ಸರಿದು ಕೂತ. ಅವನ ದನಿ ಸಣ್ಣದಾಗಿತ್ತು.

"ಟುಮಾರೋ ಐ ಕಮ್. ಯುವರ್ ಹೌಸ್. ಐ ಆಸ್ಕ್. ಡಾಟರ್, ಬೇಬಿ... ಗಿವ್."

ನೀಲಗಂಗಾ ಅದರಲ್ಲಿ ತಪ್ಪು ಎಣಿಸಲಿಲ್ಲ. ಕೆಂಪು ಪೆನ್ನು ಎಲ್ಲಿ ಬಿದ್ದಿದೆ ಎಂಬುದೂ ಅವಳಿಗೆ ತಿಳಿಯಲಿಲ್ಲ.

ಯಂಕೋಬ ಉತ್ತರ ಹುಡುಕಿದ. ತುಟಿ ಅಲುಗಿದವು, ಇಂಗ್ಲಿಷ್ ಬರಲಿಲ್ಲ. ಕಣ್ಣು ತುಂಬಿಕೊಂಡವು.

"ನಾಳೆ ಬ್ಯಾಡ್ರೀ ಬೀಗರ, ಅಮಾಸಿ ಐತಿ," ಎಂದುಬಿಟ್ಟ. "ಗುರುವಾರ ಬರ್ರಿ. ಬೀಗತಿನ್ನೂ ಕರಕೊಂಡು ಬರ್ರಿ. ಹೋಳಿಗಿ ಮಾಡಸ್ತೀನಿ."

"ಗುರುವಾರ ತನಕ ಯಾರು ತಡೀತಾರ? ಬುಧವಾರ ಹೊತ್ತು ಮೂಡೂದ್ರಾಗ ಬಂದು ನಿಂದರ್ತೀನಿ!"

ಹೇಳಿದ ಮೇಲೆ ಮಾರೆಪ್ಪನಿಗೆ ತಾನು ಯಾವ ಭಾಷೆಯಲ್ಲಿ ಹೇಳಿದೆ ಎಂಬುದು ಹೊಳೆಯಿತು. ಎಲ್ಲರಿಗೂ ಹೊಳೆಯಿತು. ಮಾರೆಪ್ಪ ಮೆಲ್ಲಗೆ ಬಾಯಿಗೆ ಬೆರಳು ಹಾಕಿ ನಾಲಿಗೆ ಮುಟ್ಟಿ ನೋಡಿದ.

"ಐತಿ," ಎಂದ.

ಆಮೇಲೆ ಪರೀಕ್ಷೆ ಎಲ್ಲಿ ಹೋಯಿತೋ. ಯಂಕೋಬ ಅಂಗಡಿಗೆ ಓಡಿ ಕೆಟಲ್ ತುಂಬ ಚಹಾ ತಂದ. ಮಾರೆಪ್ಪ ಲೋಟ ಹಂಚಿದ. ಬೀಗರಿಬ್ಬರೂ ಒಂದೇ ಕಂಬಕ್ಕೆ ಒರಗಿ, ಮಗುವಿನ ಹಲ್ಲು ಮೊದಲು ಮೇಲೆ ಬರಬೇಕೋ ಕೆಳಗೆ ಬರಬೇಕೋ ಎಂದು ಜಗಳ ತೆಗೆದರು. ಹೊತ್ತು ಇಳಿಯುವ ಮುನ್ನ ಎಲ್ಲರೂ ಮನೆಗೆ ಹೋದರು.

ನೀಲಗಂಗಾ ಚೆಲ್ಲಾಪಿಲ್ಲಿಯಾಗಿದ್ದ ಹಾಳೆಗಳನ್ನು ಜೋಡಿಸಿಕೊಂಡು ತಾತನ ಮುಂದೆ ಬಂದು ನಿಂತಳು. ನಕ್ಕದ್ದೆಲ್ಲ ಇಳಿದಿತ್ತು. ಪಾಠ ಕೈತಪ್ಪಿತೆಂದು ಅವಳಿಗೆ ಖಾತ್ರಿಯಾಗಿತ್ತು.

"ಪರೀಕ್ಷೆ ಕೆಟ್ಟುಹೋತ್ರಿ ತಾತ."

"ಹೌದು," ಎಂದರು ತಾತ.

"ಆ ಇಬ್ಬರಿಗೂ ಅಂಕ ಹಾಕಿಲ್ರಿ. ಹಾಕಾಕ ಮನಸ್ಸು ಬರಲಿಲ್ಲ."

"ಹೂಂ."

"ಎಲ್ಲಾರ ಎದುರು ನಾನೂ ತಪ್ಪು ಮಾತಾಡಿದ್ನಿ. ಬೇಕಂತ."

"ಕೇಳ್ಸಿತು. ನಾ ಮಲಗಿರಲಿಲ್ಲ."

ತಾತ ಕೋಲು ಹಿಡಿದು ನಿಧಾನಕ್ಕೆ ಎದ್ದರು.

"ನಾಳೆ ಪಾಠ ಎಷ್ಟಕ್ಕ?"

"ಅದು ನೀವು ಹೇಳಬೇಕ್ರಿ."

"ನಾನ್ಯಾಕ ಹೇಳ್ಲಿ? ನೀ ಹೇಳಿದ ಹೊತ್ತಿಗೆ ಬಂದು ಹಿಂದ ಕುಂದ್ರತೀನಿ. ನಾ ತಪ್ಪು ಮಾಡಿದ್ರ ಬೈಬ್ಯಾಡವ್ವ."