ಒಂಟಿ ಹೊನ್ನೆಯ ಬೀಜ

“ಅಮ್ಮನವರೇ, ಬಿಟ್ಟುಹೋದವಳು ಕರೆದರೆ ಹೋಗಬೇಕೇ?” ಎಂದು ದೇವೀರಿ ಕೇಳಿದಳು.

ಆಶ್ರಮದ ಹಿರಿಯ ಗುರುವನ್ನು ಎಲ್ಲರೂ ಅಮ್ಮನವರು ಎಂದೇ ಕರೆಯುತ್ತಿದ್ದರು. ಅವರು ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ, “ಯಾರು ಕರೆದದ್ದು?” ಎಂದರು.

“ನನ್ನ ತಾಯಿ. ನಾನು ಎಂಟು ವರ್ಷದವಳಿದ್ದಾಗ ಈ ಬಾಗಿಲಲ್ಲಿ ಬಿಟ್ಟು ಹೋದಳು. ಹದಿನಾಲ್ಕು ವರ್ಷ ಆಯಿತು, ಒಂದು ಸಲವೂ ಬರಲಿಲ್ಲ. ಈಗ ಹಾಸಿಗೆ ಹಿಡಿದಿದ್ದಾಳಂತೆ. ನೋಡಬೇಕು, ಬಾ ಎಂದು ಹೇಳಿಕಳಿಸಿದ್ದಾಳೆ. ಅಕ್ಷರ ಕಲಿಸಿದವರು ನೀವು. ಜ್ವರ ಬಂದಾಗ ಪಕ್ಕದಲ್ಲಿ ಕುಳಿತವರು ನೀವು. ಅವಳು ಏನು ಮಾಡಿದಳು? ನಾನು ಯಾಕೆ ಹೋಗಬೇಕು?”

“ಕೂತುಕೋ. ನೀನೂ ಒಂದಿಷ್ಟು ಕಾಯಿ ಸುಲಿ” ಎಂದು ಅಮ್ಮನವರು ಕತೆ ಹೇಳತೊಡಗಿದರು.

ಒಂದು ಊರಿಗೆ ಒಂದು ಗುಡ್ಡವಿತ್ತು. ಅದು ಯಾರೊಬ್ಬರ ಹೆಸರಿನಲ್ಲೂ ಇರಲಿಲ್ಲ, ಊರಿಗೆಲ್ಲ ಸೇರಿದ್ದು. ಆ ಗುಡ್ಡದ ಮರಗಳ ಬೀಜ ಆಯುವುದಕ್ಕೆಂದೇ ಊರವರು ಒಬ್ಬ ಹೆಂಗಸನ್ನು ನೇಮಿಸಿದ್ದರು. ಸಂಕ್ರಾಂತಿ ಕಳೆದ ಮೇಲೆ ಕಾಯಿಗಳು ಒಂದೊಂದಾಗಿ ಒಣಗುತ್ತವೆ. ಅವಳು ದೋಟಿ, ಕಂಬಳಿ, ಬಟ್ಟೆಯ ಚೀಲ ಹಿಡಿದು ಬೆಳಗಾಗುತ್ತಲೇ ಗುಡ್ಡ ಹತ್ತುತ್ತಿದ್ದಳು. ಮರದ ಕೆಳಗೆ ಕಂಬಳಿ ಹಾಸಿ, ದೋಟಿಯಿಂದ ಕೊಂಬೆ ಅಲುಗಿಸುತ್ತಿದ್ದಳು. ಅಲುಗಿಸಿದರೂ ಬೀಳದ್ದನ್ನು ಕೀಳುವಂತಿರಲಿಲ್ಲ. ಬಿದ್ದದ್ದರಲ್ಲೂ ಮೂರರಲ್ಲಿ ಒಂದು ಪಾಲಷ್ಟೇ ಚೀಲಕ್ಕೆ. ಉಳಿದದ್ದು ಹಕ್ಕಿಗೆ ಮತ್ತು ಗಾಳಿಗೆ. ಆ ಒಂದು ಪಾಲನ್ನು ಮಳೆಗೆ ಮುಂಚೆ ಗುಡ್ಡದ ಬೋಳು ಜಾಗಗಳಿಗೆ ಒಯ್ದು ಊರಬೇಕು. ಇದು ಹಿಂದಿನಿಂದ ಬಂದ ಕ್ರಮ.

ಗುಡ್ಡದ ನೆತ್ತಿಯಲ್ಲಿ ಒಂದೇ ಒಂದು ಹೊನ್ನೆಮರ ಉಳಿದಿತ್ತು. ಮಿಕ್ಕವನ್ನೆಲ್ಲ ಯಾವುದೋ ಕಾಲದಲ್ಲಿ ಕಡಿದಾಗಿತ್ತು. ಈ ಮರಕ್ಕೂ ವಯಸ್ಸಾಗಿತ್ತು, ಬುಡ ಟೊಳ್ಳಾಗಿತ್ತು. ಇದು ಬೀಳುವುದರೊಳಗೆ ಇದರದೊಂದು ಸಸಿ ಬದುಕಿಕೊಂಡರೆ ಆ ಗುಡ್ಡದಲ್ಲಿ ಹೊನ್ನೆ ಇರುತ್ತದೆ. ಇಲ್ಲದಿದ್ದರೆ ಇಲ್ಲ.

ಆ ಹೆಂಗಸು ದೂರದ ಊರಿನಿಂದ ಮದುವೆಯಾಗಿ ಬಂದವಳು. ಹೊನ್ನೆಯ ಕಾಯಿ ಬಿಲ್ಲೆಯ ಹಾಗೆ ಚಪ್ಪಟೆ. ಸುತ್ತಲೂ ತೆಳುವಾದ ರೆಕ್ಕೆ. ಗಾಳಿ ಅದನ್ನು ಎತ್ತಿಕೊಂಡು ಹೋಗುವುದನ್ನು ಕಂಡರೆ ಅವಳಿಗೆ ಸಂಕಟವಾಗುತ್ತಿತ್ತು. ಬೇರೆ ಮರಗಳ ಬೀಜವನ್ನು ಕ್ರಮದಂತೆ ಒಯ್ದಳು. ಹೊನ್ನೆಯದನ್ನು ಮಾತ್ರ ಒಯ್ಯಲು ಮನಸ್ಸು ಬರಲಿಲ್ಲ. ಹಾರಿಹೋದ ಕಾಯಿಗಳನ್ನೂ ಇಳಿಜಾರಿನಲ್ಲಿ ಹುಡುಕಿ, ಉಡಿಯಲ್ಲಿ ಕಟ್ಟಿಕೊಂಡು ಬಂದು, ತಾಯಿಮರದ ಬುಡದಲ್ಲೇ ಊರಿದಳು.

ಮಳೆ ಬಂತು. ಬುಡದ ಸುತ್ತ ನೂರಾರು ಮೊಳಕೆ ಎದ್ದವು. ಅವಳ ಸಂತೋಷಕ್ಕೆ ಪಾರವಿರಲಿಲ್ಲ. ಸುತ್ತ ಮುಳ್ಳಿನ ಬೇಲಿ ಕಟ್ಟಿದಳು. ಬೇಸಿಗೆಯಲ್ಲಿ ಕೆಳಗಿನ ಕಟ್ಟೆಯಿಂದ ಕೊಡದಲ್ಲಿ ನೀರು ಹೊತ್ತಳು. ಆದರೂ ಸಸಿಗಳು ಗೇಣುದ್ದ ಬೆಳೆದು ಅಲ್ಲಿಗೇ ನಿಂತವು. ಬಿಳಿಚಿಕೊಂಡವು. ಮರದ ಮೇಲಿನ ಹುಳು ಕೆಳಗಿಳಿದು ಎಳೆ ಎಲೆಗಳನ್ನು ತಿಂದಿತು. ಮುಂದಿನ ಮಳೆಯ ಹೊತ್ತಿಗೆ ಒಂದೂ ಉಳಿಯಲಿಲ್ಲ.

ತನ್ನ ಆರೈಕೆಯೇ ಸಾಲಲಿಲ್ಲ ಎಂದುಕೊಂಡಳು. ಎರಡನೆಯ ವರ್ಷ ಗೊಬ್ಬರವನ್ನೂ ಹೊತ್ತಳು. ಮತ್ತೆ ಹಾಗೇ ಆಯಿತು. ಮೂರನೆಯ ವರ್ಷ ಮರದ ಅರ್ಧ ಕೊಂಬೆಗಳು ಒಣಗಿದವು. ಟೊಳ್ಳು ಬುಡದೊಳಗೆ ಮೇಕೆಯೊಂದು ಹೊಕ್ಕು ನಿಲ್ಲುವಷ್ಟು ಜಾಗವಾಯಿತು. ಬಿದ್ದ ಕಾಯಿ ಅರ್ಧ ಚೀಲವೂ ಆಗಲಿಲ್ಲ.

ಅವಳು ಅದನ್ನು ಮುಂದಿಟ್ಟುಕೊಂಡು ಕುಳಿತಿದ್ದಾಗ ಪಕ್ಕದ ಗುಡ್ಡದಲ್ಲಿ ಬೀಜ ಆಯುವ ಮುದುಕಿ ಆ ದಾರಿಯಲ್ಲಿ ಬಂದಳು. ಬೇಲಿ ನೋಡಿದಳು, ಗೊಬ್ಬರ ನೋಡಿದಳು, ನೀರಿನ ಕೊಡ ನೋಡಿದಳು.

“ಏನವ್ವ ಇದು? ಮರಕ್ಕೆ ಬಾಣಂತನ ಮಾಡ್ತಿದ್ದೀಯಾ? ಒಂದು ತೊಟ್ಟಿಲೂ ಕಟ್ಟಿಬಿಡು” ಎಂದು ನಕ್ಕಳು.

ಹೆಂಗಸಿಗೆ ಅಳು ಬಂತು. “ನಗಬೇಡ ಅಜ್ಜಿ. ಎರಡು ವರ್ಷದಿಂದ ಒಂದೂ ಉಳಿದಿಲ್ಲ. ತಾಯಿ ಹತ್ತಿರವೇ ಬದುಕದ್ದು ಇನ್ನೆಲ್ಲಿ ಬದುಕುತ್ತೆ?”

“ತಾಯಿ ಹತ್ತಿರ ಇದ್ದದ್ದಕ್ಕೇ ಸತ್ತದ್ದು ಕಣವ್ವ. ಹೊನ್ನೆಗೆ ಬಿಸಿಲು ಬೇಕು. ಈ ನೆರಳಲ್ಲಿ ಬಿಸಿಲು ಎಲ್ಲಿದೆ? ಇದರ ಮೈಮೇಲಿನ ಹುಳ ಮೊದಲು ಬೀಳೋದೇ ಇದರ ಮಕ್ಕಳ ಮೇಲೆ. ಬೇಡದ ಮಕ್ಕಳಿಗೆ ಯಾವ ಮರವಾದರೂ ರೆಕ್ಕೆ ಕಟ್ಟಿ ಕಳಿಸುತ್ತಾ?”

“ಹುಟ್ಟಿದ ಜಾಗ ಬಿಟ್ಟು ಬರೋ ಸಂಕಟ ನಿನಗೇನು ಗೊತ್ತು? ನೀನು ಹುಟ್ಟಿದ ಊರಲ್ಲೇ ಮುದುಕಿ ಆದವಳು.”

“ನನಗೆ ಗೊತ್ತಿಲ್ಲ. ನಿನಗೆ ಗೊತ್ತಲ್ಲ. ಅದಕ್ಕೇ ನೀನೇ ಒಯ್ಯಬೇಕು. ಮೆತ್ತಗೆ ಒಯ್ಯುತ್ತೀಯ” ಎಂದಳು ಮುದುಕಿ.

ಹೆಂಗಸು ಎದ್ದು ಕೊಡವನ್ನು ಪಕ್ಕಕ್ಕಿಟ್ಟಳು. ಆಮೇಲೆ ಬೇಲಿ ಕಿತ್ತಳು. ಹಕ್ಕಿಯ ಪಾಲು, ಗಾಳಿಯ ಪಾಲು ಅಲ್ಲೇ ಬಿಟ್ಟು ತನ್ನ ಪಾಲನ್ನು ಮನೆಗೆ ತಂದಳು. ಮಳೆ ಹತ್ತಿರವಾದಾಗ ಕಾಯಿಯ ರೆಕ್ಕೆ ಕತ್ತರಿಸಿದಳು, ಒಂದು ದಿನ ನೀರಿನಲ್ಲಿ ನೆನೆಸಿದಳು. ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಗುಡ್ಡದ ಆಚೆಯ ಇಳಿಜಾರಿಗೆ ಹೋದಳು. ಅಲ್ಲಿ ಕಲ್ಲು, ಬಿಸಿಲು, ಬೇರೆ ಏನೂ ಇಲ್ಲ. ನೆತ್ತಿಗೂ ಆ ಜಾಗಕ್ಕೂ ನಡುವೆ ಒಂದು ಬಂಡೆ. ಕಲ್ಲಿನ ಸಂದುಗಳಲ್ಲಿ ಮಣ್ಣು ಇದ್ದ ಕಡೆಯೆಲ್ಲ ಒಂದೊಂದೇ ಬೀಜ ಊರಿದಳು. ಊರುವಾಗ ಪ್ರತಿಯೊಂದಕ್ಕೂ, “ತಪ್ಪು ತಿಳಿಯಬೇಡ ಕಂದ” ಎಂದಳು.

ಹೆಚ್ಚಿನವು ಬದುಕಲಿಲ್ಲ. ಕೆಲವು ಒಣಗಿದವು, ಕೆಲವನ್ನು ಮೇಕೆ ತಿಂದಿತು. ಆದರೆ ಅಲ್ಲಿಂದ ನಾಲ್ಕನೆಯ ಮಳೆಗೆ ಮೂರು ಸಸಿಗಳು ಅವಳ ಎದೆಮಟ್ಟ ನಿಂತಿದ್ದವು. ನೆತ್ತಿಯ ಮರ ಇನ್ನೂ ಬಿದ್ದಿರಲಿಲ್ಲ. ಅದರಲ್ಲಿ ಒಂದು ಕೊಂಬೆಗೆ ಮಾತ್ರ ಜೀವವಿತ್ತು.

ಅಮ್ಮನವರು ಕತೆ ನಿಲ್ಲಿಸಿ ಸಿಪ್ಪೆಯನ್ನು ಒಂದು ಕಡೆ ಸರಿಸಿದರು. ದೇವೀರಿಯ ಕೈಯಲ್ಲಿ ಒಂದೇ ಕಾಯಿ ಎಷ್ಟೋ ಹೊತ್ತಿನಿಂದ ಹಾಗೇ ಇತ್ತು.

“ನಡುವೆ ಬಂಡೆ ಇತ್ತು ಎಂದಿರಿ” ಎಂದಳು ಅವಳು. “ಹಾಗಾದರೆ ಆ ಸಸಿಗಳಿಗೆ ತಾಯಿಮರ ಒಂದು ದಿನವೂ ಕಾಣಲಿಲ್ಲವಲ್ಲ, ಅಮ್ಮನವರೇ?”

“ಸಸಿಗಳಿಗೆ ಕಾಣಲಿಲ್ಲ, ದೇವೀರಿ. ಮರ ಎತ್ತರದಲ್ಲಿತ್ತು, ಮರಕ್ಕೆ ಸಸಿಗಳು ದಿನವೂ ಕಾಣುತ್ತಿದ್ದವು.”