ಹೊಸ್ತಿಲು ದಾಟದ ಹೋಳಿಗೆ

"ಅಜ್ಜಾವರೇ, ಊರವರು ಹೇಳುವುದು ಸುಳ್ಳೋ, ನನ್ನ ಮನಸ್ಸು ಹೇಳುವುದು ಸುಳ್ಳೋ?"

ಈ ಒಂದು ಪ್ರಶ್ನೆ ಕೇಳಲೆಂದೇ ಮಡಿವಾಳಯ್ಯ ತನ್ನ ಮಠದಿಂದ ಪಕ್ಕದೂರಿನ ಹಿರಿಯ ಸ್ವಾಮಿಗಳಾದ ಅಜ್ಜನವರ ಹತ್ತಿರ ನಡೆದು ಬಂದಿದ್ದ. ಅವನ ಗುರುಗಳು ತೀರಿಕೊಂಡು ವರ್ಷ ಕಳೆದಿತ್ತು. ಗದ್ದುಗೆಯ ಪೂಜೆ, ಸಂಜೆಯ ಪ್ರವಚನ, ಬಂದವರಿಗೆ ಪ್ರಸಾದ, ಎಲ್ಲವೂ ಈಗ ಅವನ ತಲೆಯ ಮೇಲೆ ಬಿದ್ದಿತ್ತು. ಗುರುಗಳು ಏಳುತ್ತಿದ್ದ ಹೊತ್ತಿಗೆ ಏಳುತ್ತಿದ್ದ. ಅವರು ಹೇಳುತ್ತಿದ್ದ ಮಾತುಗಳನ್ನೇ ಹೇಳುತ್ತಿದ್ದ. ಅವರು ಕೂರುತ್ತಿದ್ದ ಕಂಬಳಿಯ ಮೇಲೆಯೇ ಕೂರುತ್ತಿದ್ದ. ಕೇಳಲು ಬಂದ ಜನ "ನಮ್ಮ ಗುರುಗಳೇ ಮರಳಿ ಬಂದಂಗಾತು" ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

"ಎಲ್ಲರಿಗೂ ನನ್ನಲ್ಲಿ ಅವರು ಸಿಗುತ್ತಾರೆ. ನನಗೊಬ್ಬನಿಗೆ ಸಿಗುತ್ತಿಲ್ಲ" ಎಂದ ಮಡಿವಾಳಯ್ಯ. "ಅವರ ಹತ್ತಿರ ಇದ್ದಾಗ ಏನೋ ಒಂದು ಇತ್ತು. ಅದು ಹೋಗಿಬಿಟ್ಟಿದೆ. ಇನ್ನೂ ಸಿಗದಿದ್ದರೆ ಆ ಕಂಬಳಿ ಮಡಚಿಟ್ಟು ಮನೆಗೆ ಹೋಗಿಬಿಡುತ್ತೇನೆ. ಸುಳ್ಳು ಸ್ವಾಮಿಯಾಗಿ ಕೂರಲು ನನ್ನಿಂದ ಆಗುವುದಿಲ್ಲ."

ಅಜ್ಜನವರು ಮೊರದ ತುಂಬ ಹಸಿ ತೊಗರಿಕಾಯಿ ಹಾಕಿಕೊಂಡು ಸುಲಿಯುತ್ತಾ ಕೂತಿದ್ದರು. ತಲೆ ಎತ್ತದೆಯೇ ಕೇಳಿದರು: "ನಿಮ್ಮ ಗುರುಗಳು ನಿನಗೆ ಏನು ಹೇಳಿಕೊಟ್ಟರು?"

"ನನಗೆ ಹೇಳಿಕೊಟ್ಟದ್ದು ಕಡಿಮೆಯೇ. ಊರವರಿಗೆಲ್ಲ ಹೇಳಿ ದಣಿದು ಬಂದು ಮಲಗಿಬಿಡುತ್ತಿದ್ದರು. ನಾನು ಕಾಲು ಒತ್ತುತ್ತಿದ್ದೆ. ಆಗ ಏನೋ ಒಂದು ಅರ್ಧ ಮಾತು ಆಡುತ್ತಿದ್ದರು. ಅದು ಮುಗಿಯುವುದರೊಳಗೆ ಅವರಿಗೆ ನಿದ್ದೆ. ಮಂದಿಗೆ ಇಡೀ ಮಾತು, ನನಗೆ ಅರ್ಧ ಮಾತು ಎಂದು ಸಿಟ್ಟೂ ಬರುತ್ತಿತ್ತು."

ಅಜ್ಜನವರು ಸುಲಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದರು. ಮತ್ತೆ ಕಾಯಿಗೆ ಕೈಹಾಕಿದರು.

"ಮೊರ ಆ ಕಡೆಯಿಂದ ಹಿಡಕೊ. ಸುಮ್ಮನೆ ಕೂತು ಕತೆ ಕೇಳುವವರನ್ನು ಕಂಡರೆ ನನಗಾಗುವುದಿಲ್ಲ. ನೀನು ಸುಲಿ, ನಾನು ಹೇಳುತ್ತೇನೆ."

ಮಡಿವಾಳಯ್ಯ ಹತ್ತಿರ ಸರಿದು ಕೂತ. ಅಜ್ಜನವರು ಹೇಳತೊಡಗಿದರು.

ಒಂದೂರಿನಲ್ಲಿ ಚಂದಮ್ಮ ಎಂಬ ಹೆಣ್ಣುಮಗಳಿದ್ದಳಪ್ಪಾ. ಗಂಡ ಸತ್ತ ಮೇಲೆ ತವರಿಗೆ ಬಂದಳು. ತಾಯಿಯನ್ನು ಕೊನೆಯವರೆಗೂ ನೋಡಿಕೊಂಡಳು. ತಾಯಿ ಹೋದ ಮೇಲೆ ಅದೇ ಮನೆಯಲ್ಲಿ ಉಳಿದಳು. ಮಾತು ಬಿರುಸು, ಮನಸ್ಸು ಮೆತ್ತಗೆ. ಅವಳಿಗೆ ರೇವಣಪ್ಪ ಎಂಬ ಒಬ್ಬನೇ ಅಣ್ಣ. ಅವನು ಗೌಂಡಿ. ಊರೂರು ತಿರುಗಿ ಮಂದಿಯ ಮನೆ ಕಟ್ಟಿದ, ತನಗೊಂದು ಸಂಸಾರ ಕಟ್ಟಿಕೊಳ್ಳಲಿಲ್ಲ. ಕೊನೆಗೆ ಜಡ್ಡಿಗೆ ಬಿದ್ದು ತಂಗಿಯ ಹತ್ತಿರ ಬಂದು ಮಲಗಿದ.

ಜ್ವರ ಇಳಿಯಿತು. ಹೋದ ಹಸಿವು ಮಾತ್ರ ಮರಳಿ ಬರಲಿಲ್ಲ. ಗಂಜಿ ತಂದರೆ ಗೋಡೆಯ ಕಡೆ ಹೊರಳುತ್ತಿದ್ದ. ಅನ್ನ ತಂದರೆ ಕಣ್ಣು ಮುಚ್ಚುತ್ತಿದ್ದ. ಡಾಕ್ಟರು ಚಂದಮ್ಮನನ್ನು ಬಾಗಿಲಾಚೆ ಕರೆದು, "ರೋಗ ಹೋಗ್ಯಾದವ್ವಾ. ಇನ್ನ ಉಂಡ್ರ ಉಳೀತಾನ" ಎಂದಷ್ಟೇ ಹೇಳಿ ಹೋದರು. ಉಣ್ಣದಿದ್ದರೆ ಏನು ಎಂಬುದನ್ನು ಅವರು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಚಂದಮ್ಮ ಅಣ್ಣನ ತಲೆಯ ಹತ್ತಿರ ಕೂತು, ಏನು ತಿನ್ನಬೇಕೆನಿಸುತ್ತದೆ ಎಂದು ಕೇಳಿದಳು. ಅವನು ಗೋಡೆಯಿಂದ ಅವಳ ಕಡೆ ಹೊರಳಿದ. ಆಮೇಲೆ, "ಅವ್ವನ ಹೋಳಿಗಿ" ಎಂದ.

ಹೋಳಿಗೆ ಅಂದ ಕೂಡಲೇ ಬಾಯಲ್ಲಿ ನೀರು ತಂದುಕೊಳ್ಳಬೇಡ ಮಡಿವಾಳಯ್ಯಾ, ಬೆಲ್ಲದ್ದಲ್ಲ. ಖಾರದ್ದು. ತೊಗರಿಕಾಯಿ ಬಲಿತು ಇನ್ನೂ ಹಸಿರಾಗಿರುವ ದಿನಗಳು ಇರುತ್ತವಲ್ಲ, ಆಗ ಆ ಹಸಿಕಾಳನ್ನು ಬೇಯಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ತರಿತರಿಯಾಗಿ ರುಬ್ಬುವುದು. ಗೋಧಿ ಕಣಕದಲ್ಲಿ ಆ ಹೂರಣ ತುಂಬುವುದು, ತಟ್ಟುವುದು, ಎಣ್ಣೆ ಬಿಟ್ಟು ಬೇಯಿಸುವುದು. ಅವರವ್ವ ವರ್ಷಕ್ಕೊಮ್ಮೆ ಮಾಡುತ್ತಿದ್ದಳು, ಮಾಡಿದರೆ ಓಣಿಗೆಲ್ಲ ಮಾಡುತ್ತಿದ್ದಳು. ಆ ದಿನ ಯಾರ ಮನೆಯಲ್ಲೂ ಒಲೆ ಹೊತ್ತುತ್ತಿರಲಿಲ್ಲ. ಎಲ್ಲರೂ ಅವಳ ಬುಟ್ಟಿ ಬರುವುದನ್ನೇ ಕಾಯುತ್ತಿದ್ದರು.

ಅಣ್ಣ ಬಾಯಿಬಿಟ್ಟು ಕೇಳಿದನಲ್ಲ, ಚಂದಮ್ಮನಿಗೆ ಹೋದ ಜೀವ ಬಂತು. ಕಾಯಿ ತಂದಳು, ಸುಲಿದಳು, ರುಬ್ಬಿದಳು. ಹೋಳಿಗೆ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಅವ್ವ ಮಾಡುವಾಗ ಒಂದಿಷ್ಟು ಒಡೆದು ಹೂರಣ ಹೆಂಚಿಗೆ ಬೀಳುತ್ತಿತ್ತು. ಇವಳ ಕೈಯಲ್ಲಿ ಒಂದೂ ಒಡೆಯುತ್ತಿರಲಿಲ್ಲ. ಚಂದ್ರನ ಹಾಗೆ ದುಂಡಗೆ ಬಂದ ಹೋಳಿಗೆಯನ್ನು ತಟ್ಟೆಯಲ್ಲಿಟ್ಟು ಅಣ್ಣನ ಮುಂದೆ ಹಿಡಿದಳು. ಅವನು ಎದ್ದು ಕೂತು ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. ತಟ್ಟೆಯನ್ನು ಹಿಂದಕ್ಕೆ ಸರಿಸಿದ.

"ಛಲೋ ಅದ. ಆದ್ರ ಅವ್ವಂದಲ್ಲ."

ಅಳು ಬಂತು ಅವಳಿಗೆ. ಆದರೆ ಅಳುತ್ತಾ ಕೂರುವ ಹೆಣ್ಣಲ್ಲ. ಉಳಿದದ್ದನ್ನು ಎದುರು ಮನೆಯ ಮುದುಕಿ ಮಾಬೂಬಿಗೆ ಒಯ್ದು ಕೊಟ್ಟಳು. ಮಾಬೂಬಿ ಅವ್ವನ ಗೆಣೆತಿ, ಅವ್ವನ ಹೋಳಿಗೆ ತಿಂದೇ ಮುದುಕಿಯಾದವಳು. ಒಂದು ತುತ್ತು ತಿಂದವಳೇ ಕಣ್ಣಲ್ಲಿ ನೀರು ತಂದುಕೊಂಡು, "ಯವ್ವಾ, ಇದು ನಿಮ್ಮವ್ವನ ಕೈ. ಉಪ್ಪು, ಖಾರ, ಏನೂ ಹೆಚ್ಚುಕಮ್ಮಿ ಇಲ್ಲ" ಎಂದಳು. ಮುದುಕಿ ತನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳಿದಳು ಎಂದುಕೊಂಡು ಚಂದಮ್ಮ ಮನೆಗೆ ಬಂದಳು.

ಏಕೆಂದರೆ ಅವಳೂ ಒಂದು ಚೂರು ತಿಂದು ನೋಡಿದ್ದಳು. ಅಣ್ಣ ಹೇಳಿದ್ದೇ ನಿಜ. ರುಚಿಯಾಗಿತ್ತು, ಅವ್ವನದಾಗಿರಲಿಲ್ಲ. ಅವ್ವ ಸತ್ತ ದಿನಕ್ಕಿಂತ ಆ ದಿನ ಅವ್ವ ಹೆಚ್ಚು ದೂರ ಹೋದಳೆಂದು ಅವಳಿಗೆ ಅನಿಸಿತು.

ಅಲ್ಲಿಂದ ಶುರುವಾಯಿತು ನೋಡು ಅವಳ ಒದ್ದಾಟ. ಮಿಕ್ಸರಿನಿಂದ ಕೆಟ್ಟಿರಬೇಕೆಂದು ಹಿತ್ತಿಲಲ್ಲಿ ಬಿದ್ದಿದ್ದ ರುಬ್ಬುವ ಕಲ್ಲು ತೊಳೆದು ತಂದಳು. ಗ್ಯಾಸಿನಿಂದ ಕೆಟ್ಟಿರಬೇಕೆಂದು ಕಟ್ಟಿಗೆ ಒಲೆ ಹೂಡಿದಳು. ಅಟ್ಟ ಹತ್ತಿ ಅವ್ವನ ಕಬ್ಬಿಣದ ಹೆಂಚು ಇಳಿಸಿ, ತುಕ್ಕು ಉಜ್ಜಿ ಉಜ್ಜಿ ಕೈ ಕೆಂಪು ಮಾಡಿಕೊಂಡಳು. ಹಳೇ ಬಾವಿಯ ನೀರು ತಂದು ಕಣಕ ಕಲಸಿದಳು. ಅವ್ವ ಕಾಯಿ ತರುತ್ತಿದ್ದ ಹೊಲಕ್ಕೇ ಹೋಗಿ ಕಾಯಿ ಬಿಡಿಸಿಕೊಂಡು ಬಂದಳು. ಹೀಗೆಲ್ಲ ಮಾಡಿ ಅಣ್ಣನಿಗೊಂದು, ತನಗೊಂದು ಹೋಳಿಗೆ ಬೇಯಿಸುವುದು, ಅವನ ಮುಖ ನೋಡುತ್ತಾ ಕೂರುವುದು. ಅವನು ಒಂದು ತುತ್ತು ತಿನ್ನುವನು, ತಟ್ಟೆ ಸರಿಸುವನು. ಬರಬರುತ್ತಾ ಆ ಒಂದು ತುತ್ತನ್ನೂ ತಂಗಿಯ ಮೇಲಿನ ಪ್ರೀತಿಗಾಗಿ ತಿನ್ನತೊಡಗಿದ. ಅವನ ಕೈಯ ಮೂಳೆ ಕಾಣುತ್ತಿತ್ತು. ಚಂದಮ್ಮ ಸೋತು ಸುಣ್ಣವಾದಳು.

ತೊಗರಿ ಒಣಗುವ ಕಾಲ ಹತ್ತಿರ ಬಂತು. ಇನ್ನು ಕೆಲವು ದಿನ ಕಳೆದರೆ ಹಸಿಕಾಳು ಸಿಗುವುದಿಲ್ಲ. ಮುಂದಿನ ವರ್ಷದ ಹಸಿಕಾಳಿಗೆ ಅಣ್ಣ ಇರುವುದಿಲ್ಲ ಎಂದು ಅವಳಿಗೆ ಗಟ್ಟಿಯಾಗಿ ಅನಿಸತೊಡಗಿತು. ಅಂಥ ಒಂದು ಬೆಳಿಗ್ಗೆ ಮಾಬೂಬಿ ಕಟ್ಟೆಯ ಮೇಲೆ ಬಂದು ಕೂತು, ಕೇಳಲೋ ಬೇಡವೋ ಎಂಬಂತೆ ಕೇಳಿದಳು: "ನಿಮ್ಮವ್ವ ಹೋದ ಮ್ಯಾಲೆ ಓಣಿಗೆ ಬುಟ್ಟಿ ಬರೋದು ನಿಂತೇಹೋತಲ್ಲವ್ವಾ. ದಿನಾ ವಾಸನಿ ಬರ್ತದ, ಬುಟ್ಟಿ ಬರೂದಿಲ್ಲ."

ಚಂದಮ್ಮ ನಾಚಿಕೆಯಿಂದ ಕುಗ್ಗಿಹೋದಳು. ಅಣ್ಣನ ಬಾಯಿಗೆ ಅವ್ವನ ರುಚಿ ತರುವುದು ತನ್ನಿಂದ ಆಗಲಿಲ್ಲ, ಅವ್ವನ ಹೆಸರನ್ನಾದರೂ ಒಂದು ವರ್ಷ ಉಳಿಸೋಣ ಎಂದುಕೊಂಡಳು. ಆ ದಿನ ಅಣ್ಣನಿಗೆಂದು ಮಾಡಲಿಲ್ಲ. ಓಣಿಗೆಂದು ಮಾಡಲು ಕೂತಳು.

ದೊಡ್ಡ ಪರಾತದ ತುಂಬ ಕಣಕ, ಕೊಳಗದ ತುಂಬ ಹೂರಣ. ಉಂಡೆ ತುಂಬುವಾಗ ಒಂದೊಂದಕ್ಕೂ ಒಂದೊಂದು ಮನೆ ಕಣ್ಣ ಮುಂದೆ ಬರುತ್ತಿತ್ತು. ಇದು ಬಾಣಂತಿಯ ಮನೆಗೆ, ಇನ್ನಷ್ಟು ಹೂರಣ ಇರಲಿ. ಇದು ಹಲ್ಲಿಲ್ಲದ ಮುದುಕನಿಗೆ, ಕಣಕ ತೆಳ್ಳಗಿರಲಿ. ಇದು ಮಾಬೂಬಿಗೆ, ಅವಳು ಬಾಯಿಬಿಟ್ಟು ಕೇಳಿದ್ದಾಳೆ. ಇನ್ನೊಬ್ಬರ ಮನೆಗೆ ಹೋಗುವ ಹೋಳಿಗೆಯಲ್ಲಿ ಬರೀ ಹಿಟ್ಟು ಸಿಕ್ಕರೆ ಮಾನ ಎಲ್ಲಿ ಉಳಿಯಿತು? ಹೀಗೆ ತುಂಬುತ್ತಾ ತುಂಬುತ್ತಾ ಅವಳ ಕೈ ಅಳತೆ ಮರೆಯಿತು. ಎಂದೂ ಒಡೆಯದ ಹೋಳಿಗೆಗಳು ಹೆಂಚಿನ ಮೇಲೆ ಒಡೆಯತೊಡಗಿದವು. ಹೊಟ್ಟೆ ಬಿರಿದು ಹೂರಣ ಹೊರಗೆ ಬಂದು, ಎಣ್ಣೆಯಲ್ಲಿ ಚುರುಗುಟ್ಟಿ, ಅಂಚಿನಲ್ಲಿ ಕರ್ರಗಾಗಿ ಅಂಟಿಕೊಂಡಿತು. ಥೂ ಎಂದು ತನ್ನ ಕೈಯನ್ನು ತಾನೇ ಬೈದುಕೊಂಡಳು. ಒಡೆದದ್ದನ್ನು ಇನ್ನೊಬ್ಬರ ಮನೆಗೆ ಕೊಡಬಾರದೆಂಬುದು ಅವ್ವನ ಕಾಲದಿಂದ ಆ ಮನೆಯ ಕಟ್ಟು. ಒಡೆದವನ್ನೆಲ್ಲ ಒಲೆಯ ಮಗ್ಗುಲಿಗೆ ಒಂದು ತಟ್ಟೆಯಲ್ಲಿ ಸರಿಸಿಟ್ಟಳು. ಇಡಿಯಾಗಿ ಉಳಿದವನ್ನು ಬುಟ್ಟಿಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿಕೊಂಡು ಮನೆಮನೆಗೆ ಹೋದಳು.

ಕೊಟ್ಟು ಮುಗಿಸಿ, ಖಾಲಿ ಬುಟ್ಟಿ ಹಿಡಿದು ದಣಿದು ಬಂದು ನೋಡಿದರೆ ಹಾಸಿಗೆಯ ಮೇಲೆ ಅಣ್ಣನಿಲ್ಲ. ಅಡುಗೆಮನೆಗೆ ಓಡಿದಳು.

ರೇವಣಪ್ಪ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ತಟ್ಟೆ ತೊಡೆಯ ಮೇಲಿತ್ತು, ಅರ್ಧ ಖಾಲಿಯಾಗಿತ್ತು. ಹೆಂಚಿಗೆ ಅಂಟಿದ್ದ ಕರಿ ಹೂರಣವನ್ನು ಉಗುರಿನಿಂದ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

"ಇಷ್ಟು ದಿನ ಇದನ್ನ ಯಾಕ ಕೊಡಲಿಲ್ಲ?" ಎಂದ.

"ಅದು ಕೆಟ್ಟದ್ದೋ ಅಣ್ಣಾ, ಒಡೆದದ್ದು. ಛಲೋವು ಎಲ್ಲಾ ಮಂದಿಗೆ ಕೊಟ್ಟು ಬಂದೆ" ಎಂದಳು ಚಂದಮ್ಮ.

ಅಂದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಇದು ಅವ್ವನ ಮಾತು. ಬುಟ್ಟಿಗೆ ಕೈಹಾಕಿದರೆ ಅವ್ವ ಕೈಮೇಲೆ ಹೊಡೆದು, ಅವು ಮಂದೀವು, ನಿಮ್ಮವು ಇಲ್ಲಿ ಅದಾವ ಎಂದು ಒಲೆಯ ಮಗ್ಗುಲಿನ ತಟ್ಟೆ ತೋರಿಸುತ್ತಿದ್ದಳು. ಅಣ್ಣ ತಂಗಿ ಮುಖ ಊದಿಸಿಕೊಂಡು ಆ ತಟ್ಟೆಯ ಮುಂದೆ ಕೂರುತ್ತಿದ್ದರು. ಮಂದಿಗೆ ಇಡಿಯದು, ನಮಗೆ ಒಡೆದದ್ದು ಎಂದು ಗೊಣಗುತ್ತಲೇ ತಿನ್ನುತ್ತಿದ್ದರು. ಆ ಮನೆಯಲ್ಲಿ ಹುಟ್ಟಿ ಬೆಳೆದ ಇಬ್ಬರೂ ಅವ್ವನ ಇಡೀ ಹೋಳಿಗೆಯನ್ನು ಒಂದು ದಿನವೂ ತಿಂದಿರಲಿಲ್ಲ. ಮಾಬೂಬಿ ಸುಳ್ಳು ಹೇಳಿರಲಿಲ್ಲ, ಅವಳು ತಿಂದದ್ದು ಇಡಿಯದು. ಅಣ್ಣನೂ ಸುಳ್ಳು ಹೇಳಿರಲಿಲ್ಲ.

ಚಂದಮ್ಮ ಬುಟ್ಟಿ ಕೆಳಗಿಟ್ಟು ಅಣ್ಣನ ಪಕ್ಕದಲ್ಲಿ ಕೂತಳು. ಅವನು ತಟ್ಟೆಯನ್ನು ಅವಳ ಕಡೆಗೂ ಸರಿಸಿದ. ಇಬ್ಬರೂ ಸಣ್ಣವರಿದ್ದಾಗಿನ ಹಾಗೆ ಒಂದೇ ತಟ್ಟೆಯಲ್ಲಿ ತಿಂದರು. ಆ ವರ್ಷ ರೇವಣಪ್ಪ ಸಾಯಲಿಲ್ಲ.

ಇಲ್ಲಿಗೆ ಅಜ್ಜನವರು ಮಾತು ನಿಲ್ಲಿಸಿ, ಮೊರ ಕೇರಿ ಸಿಪ್ಪೆ ತೂರಿದರು. ಮಡಿವಾಳಯ್ಯ, "ಹಾಗಾದರೆ ಮರುದಿನದಿಂದ ಅವಳು ಅಣ್ಣನಿಗಾಗಿ ಬೇಕೆಂದೇ ಒಡೆದು ಬೇಯಿಸಬಹುದಿತ್ತಲ್ಲ?" ಎಂದ.

"ಈ ಬುದ್ಧಿವಂತಿಕೆ ಕೇಳದೆ ನೀನು ಏಳುವುದಿಲ್ಲ ಅಂತ ಗೊತ್ತಿತ್ತು" ಎಂದು ಅಜ್ಜನವರು ನಕ್ಕರು. "ಅವಳೂ ಹಾಗೇ ಮಾಡಿದಳು. ದುಂಡಗಿನ ಹೋಳಿಗೆ ಮಾಡಿ ಚಮಚದಿಂದ ಹೊಟ್ಟೆ ಸೀಳಿದಳು. ಹೂರಣ ಹೊರಗೆ ಬರಲೇ ಇಲ್ಲ, ಅಲ್ಲೇ ಒಣಗಿತು. ತುಂಬಿ ಹೆಚ್ಚಾಗಿ ತಾನೇ ಬಿರಿಯಬೇಕಪ್ಪಾ ಅದು. ಆಮೇಲೆ ಅಣ್ಣನಿಗೆ ಬೇಕೆನಿಸಿದಾಗೆಲ್ಲ ಅವಳು ಓಣಿಗೆ ಮಾಡುತ್ತಿದ್ದಳು."

ಮಡಿವಾಳಯ್ಯನ ಬೆರಳುಗಳು ಕಾಯಿಯ ಮೇಲೆ ನಿಂತವು. ಗುರುಗಳ ಬಿರುಕುಬಿಟ್ಟ ಹಿಮ್ಮಡಿ ಅವನ ಅಂಗೈಗೆ ನೆನಪಾಯಿತು. ನಿದ್ದೆಯ ಅಂಚಿನಲ್ಲಿ ಅವರು ಆಡುತ್ತಿದ್ದ, ಎಂದೂ ಮುಗಿಯದ ಆ ಮಾತುಗಳು ನೆನಪಾದವು. ಅದನ್ನು ಹೇಗೆ ಮರಳಿ ತರಲಿ ಎಂದು ಕೇಳಲು ಬಾಯಿ ತೆರೆದ.

ಅಜ್ಜನವರು ಅವನು ಸುಲಿದ ಕಾಳನ್ನು ತಮ್ಮ ಕಾಳಿನೊಳಗೆ ಬೆರೆಸಿಕೊಳ್ಳುತ್ತಾ ಕೇಳಿದರು: "ಮಾತು ಅರ್ಧಕ್ಕೆ ನಿಂತು ನಿದ್ದೆ ಬರುವಷ್ಟು ನೀನು ಯಾವತ್ತಾದರೂ ಮಂದಿಗೆ ಬಡಿಸಿ ಬಂದಿದ್ದೀಯೇನೋ, ಮಗಾ?"

ಮಡಿವಾಳಯ್ಯ ಕೈಯಲ್ಲಿದ್ದ ಕಾಯಿಯನ್ನು ಸುಲಿದಿಟ್ಟು, ಸಂಜೆಯ ಪ್ರವಚನಕ್ಕೆಂದು ಮಠದ ಕಡೆ ಎದ್ದು ಹೊರಟ.